ಗೆರೆಯಿಲ್ಲದ ಹಾಳೆ

ಕೇಳಬೇಕಾಗಿದ್ದ ಒಂದು ಮಾತನ್ನು ಅವಳು ಕೇಳಿರಲಿಲ್ಲ. ಮೂರು ದಿನದಿಂದ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಮಗಳ ತಲೆ ಬಾಚುವಾಗ ಬೈತಲೆ ಸೊಟ್ಟಗಾಯಿತು. ಕಣ್ಣೆದುರಿಗೇ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಲೆ ಮುಂದೆ ನಿಂತ್ಕೊಂಡೇ ಹಾಲು ಉಕ್ಕಿಸ್ತೀಯಲ್ಲೇ, ಇದಕ್ಕೂ ಏನಾದ್ರೂ ಪರೀಕ್ಷೆ ಇದೆಯಾ?" ಎಂದರು.

ಪರೀಕ್ಷೆ ಎಂದದ್ದೇ ತಡ, ಅವಳು ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದಳು.

"ಬಂತೇನೇ ಅದು, ರಿಸಲ್ಟು?"

"ಇಲ್ಲ ಅತ್ತೆ. ಮುಂದಿನ ವಾರ ಅಂತೆ."

ಹೀಗೆ ಹೇಳುತ್ತ ಇವತ್ತಿಗೆ ಐದನೇ ದಿನ. ಫಲಿತಾಂಶ ಸೋಮವಾರವೇ ಬಂದಿತ್ತು. ಶೀಘ್ರಲಿಪಿ ಪರೀಕ್ಷೆಯ ಹಿರಿಯ ದರ್ಜೆಯಲ್ಲಿ ಅವಳು ಎರಡನೇ ಸಲವೂ ಫೇಲಾಗಿದ್ದಳು. ಆದರೆ ಗಂಟಲಲ್ಲಿ ಅಡ್ಡ ನಿಂತದ್ದು ಆ ಫೇಲಲ್ಲ. ಅದನ್ನು ಅವಳು ಸೋಮವಾರವೇ ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಮನೆಯವರ ಕಣ್ಣಿಗೆ ಬೀಳದಂತೆ ಮಡಚಿಟ್ಟಿದ್ದಳು. ನಿಂತದ್ದು ಇನ್ನೊಬ್ಬರ ಫಲಿತಾಂಶ. ಆ ಇನ್ನೊಬ್ಬರು ಗಂಡಸೋ ಹೆಂಗಸೋ, ಎಲ್ಲಿಯವರೋ, ನಿಜವಾದ ಹೆಸರೇನೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಡ್ಡಹೆಸರೊಂದೇ: ಕೊಕ್ಕೆ.

ತಟ್ಟೆಯ ಪಕ್ಕದಲ್ಲಿದ್ದ ಫೋನನ್ನು ಅವಳು ಹತ್ತನೇ ಸಲ ತಿರುಗಿಸಿ ನೋಡಿದಳು. ಬೆಳಗ್ಗೆ ಆರು ಗಂಟೆಗೆ ಕೊಕ್ಕೆಯಿಂದ ಬರಬೇಕಿದ್ದ ಪದ ಇವತ್ತೂ ಬಂದಿರಲಿಲ್ಲ.

ಅವಳು ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು, ಒಳಗೆ ಹೋದರೆ ಗೋಡೆಯಿಂದ ಗೋಡೆಗೆ ಫೈಲುಗಳು, ಫ್ಯಾನು ಹಾಕಿದರೆ ಹಾರುವ ಕಾಗದಗಳು, ಹಾಕದಿದ್ದರೆ ಬೆವರು. ವಕೀಲರು ನಡೆದಾಡುತ್ತ ಹೇಳುತ್ತಾರೆ. ಅವರ ಎದುರಿನ ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುವವರು ಹಿರಿಯ ಸ್ಟೆನೋ. ಕಿವಿಯ ಸಂದಿಯಲ್ಲಿ ಒಂದು, ಜೇಬಿನಲ್ಲಿ ಎರಡು, ಕೈಯಲ್ಲಿ ಒಂದು ಪೆನ್ಸಿಲು ಇಟ್ಟುಕೊಂಡೇ ಓಡಾಡುವ ಅವರಿಗೆ ಕಚೇರಿಯಲ್ಲಿ ಪೆನ್ಸಿಲಪ್ಪ ಎಂದೇ ಹೆಸರು. ಇನ್ನಾರು ತಿಂಗಳಿಗೆ ಅವರು ಕೆಲಸ ಬಿಡುವವರಿದ್ದರು. ಆ ಸ್ಟೂಲು ಅವಳದ್ದಾಗಬೇಕಿತ್ತು. "ಪಾಸು ಮಾಡ್ಕೊಂಡು ಬಾಮ್ಮ, ಜಾಗ ನಿಂದೇ" ಎಂದು ವಕೀಲರು ಎರಡು ವರ್ಷದ ಹಿಂದೆ ಹೇಳಿದ್ದರು. ಹೋದ ತಿಂಗಳು ಮಾತು ಸ್ವಲ್ಪ ಬದಲಾಗಿತ್ತು. "ಬರ್ಕೊಳ್ಳೋದು, ಟೈಪ್ ಮಾಡೋದು, ಎರಡೂ ಒಬ್ಬರೇ ಮಾಡೋರು ಸಿಗ್ತಾರಂತೆ ಈಗ. ನೋಡೋಣ, ನಿನ್ನ ರಿಸಲ್ಟ್ ಬರ್ಲಿ." ಅಂದರೆ ಸ್ಟೂಲೂ ಇಲ್ಲ, ಈಗಿರುವ ಕುರ್ಚಿಯೂ ಇಲ್ಲ. ಇದನ್ನು ಬಿಡಿಸಿ ಓದಲು ಯಾವ ಲಿಪಿಯೂ ಕಲಿಯಬೇಕಿರಲಿಲ್ಲ.

ಶೀಘ್ರಲಿಪಿಯಲ್ಲಿ ವ್ಯಂಜನಗಳಷ್ಟೇ ಗೆರೆಗಳಾಗುತ್ತವೆ. ಸ್ವರಗಳಿಗೆ ಚುಕ್ಕೆ, ಕಡ್ಡಿ. ವೇಗವಾಗಿ ಬರೆಯುವಾಗ ಚುಕ್ಕೆ ಇಡಲು ಪುರಸೊತ್ತೆಲ್ಲಿ? ಬಿಟ್ಟುಬಿಡುತ್ತಾರೆ. ಆಮೇಲೆ ಓದುವಾಗ, ಪದವನ್ನು ಹಾಳೆಯ ಗೆರೆಗಿಂತ ಮೇಲೆ ಬರೆದಿದ್ದಾರೋ, ಗೆರೆಗೆ ತಾಗಿಸಿ ಬರೆದಿದ್ದಾರೋ ನೋಡಿ ಪದದ ಮೊದಲ ಸ್ವರವನ್ನು ಊಹಿಸಿಕೊಳ್ಳಬೇಕು. ಮೇಲಿದ್ದರೆ ಆಕಾರದ ಕಡೆಯವು, ತಾಗಿದ್ದರೆ ಉಕಾರದ ಕಡೆಯವು. ಇನ್ನು ಕ ಮತ್ತು ಗ ಎರಡೂ ಒಂದೇ ಗೆರೆ. ತೆಳ್ಳಗೆ ಎಳೆದರೆ ಕ ಅಥವಾ ಖ, ಒತ್ತಿ ಎಳೆದರೆ ಗ. ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಜಗತ್ತೇ ಬೇರೆಯಾಗಿಬಿಡುತ್ತದೆ.

ಅವಳಿಗೆ ಆದದ್ದು ಅದೇ. ಪರೀಕ್ಷೆಯ ಕೋಣೆಯಲ್ಲಿ ಓದುವ ಮೇಡಂ ಐದು ನಿಮಿಷ ಉಸಿರು ಬಿಡದೆ ಓದಿದ್ದು ಒಂದು ಮೊಕದ್ದಮೆಯ ವಿಷಯ. ಹಿಂದಿನ ದಿನ ಮಗಳಿಗೆ ನೂರಾ ಎರಡು ಜ್ವರ. ಅಲ್ಲಿ ಕೂತವಳ ಅರ್ಧ ಕಿವಿ ಮನೆಯಲ್ಲಿತ್ತು. ಬಿಡಿಸಿ ಬರೆಯುವ ಹೊತ್ತಿಗೆ, ಮ, ನ, ಆಮೇಲೆ ತೆಳುವೋ ದಪ್ಪವೋ ಹೇಳಲಾಗದ ಒಂದು ಗೆರೆ. ಅವಳು ಬರೆದಳು: 'ಸಾಕ್ಷಿಯ ಮನೆಗೆ ಬೆಲೆ ಕಟ್ಟಲಾಗಿದೆ.' ಮನೆಗೆ ಬೆಲೆ ಕಟ್ಟುವುದು ಸಹಜವೇ ತಾನೆ? ಹಾಗಾಗಿ ಮುಂದೆ ಬಂದದ್ದನ್ನೂ ಅದಕ್ಕೆ ತಕ್ಕಂತೆ ಬಗ್ಗಿಸಿದಳು: 'ಸಾಕ್ಷಿಯು ಕೊನೆಗೂ ಮನೆ ಮುರಿದನು.' ಅಲ್ಲಿ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊರಗೆ ಬಂದು ಬಸ್ಸಿನ ಕಂಬಿ ಹಿಡಿದು ನಿಂತಾಗ ಹೊಳೆಯಿತು. ಸಾಕ್ಷಿಯ ಮೌನಕ್ಕೆ. ಸಾಕ್ಷಿಯ ಮೌನಕ್ಕೆ ಬೆಲೆ ಕಟ್ಟಲಾಗಿದೆ. ಅವನು ಮುರಿದದ್ದು ಮೌನವನ್ನು.

ಅವತ್ತು ಅವಳು ಇದನ್ನು ಹೇಳಿಕೊಂಡದ್ದು ಫೋನಿನೊಳಗಿನ ಗುಂಪಿಗೆ. 'ಗೀಚುವವರು' ಎಂದು ಅದರ ಹೆಸರು. ಬೇರೆ ಬೇರೆ ಊರುಗಳಲ್ಲಿ ಕೂತು ಇದೇ ಪರೀಕ್ಷೆಗೆ ಓದುವ ಇಪ್ಪತ್ತಮೂರು ಜನ. ಯಾರೂ ಯಾರನ್ನೂ ನೋಡಿಲ್ಲ. ನಿಜ ಹೆಸರು ಕೇಳಬಾರದು, ಫೋನ್ ಮಾಡಬಾರದು ಎಂದು ಮೊದಲ ದಿನವೇ ನಿಯಮ. ಎಷ್ಟೋ ಜನ ಮನೆಯಲ್ಲಿ, ಆಫೀಸಿನಲ್ಲಿ ಹೇಳದೆ ಕದ್ದು ಓದುವವರು. ಎಲ್ಲರಿಗೂ ಲಿಪಿಯ ಭಾಗಗಳದ್ದೇ ಹೆಸರು. ಚುಕ್ಕಿ, ದಪ್ಪಗೆರೆ, ಸೊನ್ನೆ, ಕೊಕ್ಕೆ. ಅವಳ ಕಥೆ ಕೇಳಿ ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದಾಗ ಕೊಕ್ಕೆ ಬರೆದರು: "ಸಾಕ್ಷಿಯ ಮನೆ ಮುರಿದವರು ನೀವೇನಾ? ಇವತ್ತಿಂದ ನಿಮ್ಮ ಹೆಸರು ಮನೆಮುರುಕಿ." ಅಳುತ್ತಿದ್ದವಳು ಬಸ್ಸಿನಲ್ಲಿ ಕಿಸಕ್ಕನೆ ನಕ್ಕಳು. ಎದುರಿನ ಸೀಟಿನವರು ತಿರುಗಿ ನೋಡಿದರು.

ಕೊಕ್ಕೆ ಗುಂಪಿನ ಬೆನ್ನುಮೂಳೆ. ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಬೆಳಗ್ಗೆ ಆರಕ್ಕೆ 'ಇವತ್ತಿನ ಪದ' ಹಾಕುತ್ತಿದ್ದರು. ಗೆರೆ ಹಾಕಿದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದೇ ಪದ, ಸ್ವರ ಬಿಟ್ಟು. ಅದರ ಫೋಟೋ. ದಿನವಿಡೀ ಎಲ್ಲರೂ ತಮಗೆ ತಿಳಿದದ್ದು ಓದಬೇಕು. ಸಂಜೆ ಏಳಕ್ಕೆ ಕೊಕ್ಕೆ ಉತ್ತರ ಹೇಳುತ್ತಾರೆ, ತಪ್ಪು ಓದಿದವರನ್ನು ಚೆನ್ನಾಗಿ ಗೇಲಿ ಮಾಡುತ್ತಾರೆ. ಮಾತಿನಲ್ಲಿ ಎಲ್ಲರಿಗೂ ಬಹುವಚನ, 'ಬಂದರು', 'ಹೋದರು'. ಹಾಗಾಗಿ ಕೊಕ್ಕೆ ಅವನೋ ಅವಳೋ ಯಾರಿಗೂ ಗೊತ್ತಾಗಿರಲಿಲ್ಲ. ರಿಟೈರಾದ ಮೇಷ್ಟ್ರು ಇರಬೇಕು ಎಂದು ದಪ್ಪಗೆರೆಯ ಊಹೆ. ಒಂದೇ ಒಂದು ಸಲ, ಯಾರೋ ಕೆದಕಿದ್ದಕ್ಕೆ, ಅವರು ತಮ್ಮ ಬಗ್ಗೆ ಒಂದು ಸಾಲು ಬರೆದಿದ್ದರು: "ನಂದು ಇದು ಏಳನೇ ಸಲ. ಎಂಟನೇ ಸಲಕ್ಕೆ ವಯಸ್ಸು ಬಿಡಲ್ಲ." ಅದಕ್ಕೆ ಎಲ್ಲರೂ ಹೂವು, ಕೈಮುಗಿಯುವ ಚಿತ್ರ ಕಳಿಸಿದ್ದರು. ಅವಳೂ ಕಳಿಸಿದ್ದಳು. ಆಮೇಲೆ ಮರೆತಿದ್ದಳು.

ಸೋಮವಾರ ಫಲಿತಾಂಶ ನೋಡಿದ್ದು ಕಚೇರಿಯ ಮೆಟ್ಟಿಲ ತಿರುವಿನಲ್ಲಿ, ಕುಡಿಯುವ ನೀರಿನ ಯಂತ್ರದ ಪಕ್ಕದಲ್ಲಿ ನಿಂತು. ತಪ್ಪುಗಳು: ಮೂವತ್ತೊಂದು. ಇಪ್ಪತ್ತೈದರವರೆಗೆ ಬಿಡುತ್ತಾರೆ. ಮೆಟ್ಟಿಲ ಮೇಲೇ ಕೂತಳು. ಗುಂಪಿನಲ್ಲಿ ಚುಕ್ಕಿ, ಸೊನ್ನೆ ಪಾಸಾದ ಸಡಗರ. ಅದರ ನಡುವೆ ಹೇಳಲು ಬಾಯಿ ಬರದೆ ಕೊಕ್ಕೆಗೆ ಬೇರೆಯಾಗಿ ಬರೆದಳು.

"ಹೋಯ್ತು."

ಉತ್ತರ ಕೂಡಲೇ ಬಂತು. "ಎಷ್ಟು?"

"31."

"ಅಳಿ. ಹತ್ತು ನಿಮಿಷ ಟೈಮ್ ಕೊಡ್ತೀನಿ. ಗಡಿಯಾರ ನೋಡ್ತಾ ಇರ್ತೀನಿ."

ಅವಳು ಅತ್ತಳು. ಹತ್ತು ನಿಮಿಷಕ್ಕೆ ಸರಿಯಾಗಿ, "ಆಯ್ತಾ? ಮುಖ ತೊಳ್ಕೊಳ್ಳಿ" ಎಂದು ಬಂತು. ಆಮೇಲೆ ಒಂದು ಗಂಟೆಯ ಕಾಲ ಕೊಕ್ಕೆ ಅವಳ ಜೊತೆ ಇದ್ದರು. ಗಂಡನಿಗೆ ಹೇಗೆ ಹೇಳಲಿ ಎಂದಳು. ಇವತ್ತೇ ಹೇಳಬೇಕಿಲ್ಲ, ಆದರೆ ತುಂಬ ದಿನ ಇಟ್ಟುಕೊಳ್ಳಬೇಡಿ, ಹುಳಿಯಾಗುತ್ತೆ ಎಂದರು. ಕೆಲಸ ಹೋದರೆ ಎಂದಳು. ಹೋದಾಗ ನೋಡೋಣ, ಇವತ್ತು ಹೋಗಿಲ್ಲವಲ್ಲ ಎಂದರು. ನನ್ನ ಕೈಯಲ್ಲಿ ಆಗಲ್ಲ, ನಾನು ದಡ್ಡಿ ಎಂದಳು. "ಮೂವತ್ತೊಂದರಲ್ಲಿ ಆರು ಕಳೆದ್ರೆ ಪಾಸು. ಆರು ತಪ್ಪಿಗೆ ಯಾರೂ ಸಾಯಲ್ಲ" ಎಂದು ಬರೆದರು. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಥ್ಯಾಂಕ್ಸ್ ಎಂದು ಟೈಪು ಮಾಡಿ, ಮೂಗು ಒರೆಸಿಕೊಂಡು, ಒಳಗೆ ಹೋಗಿ ಒಂದು ಬಾಡಿಗೆ ಕರಾರನ್ನು ತಪ್ಪಿಲ್ಲದೆ ಟೈಪು ಮಾಡಿ ಮುಗಿಸಿದಳು.

ಮತ್ತೆ ನಿಮ್ಮದು ಏನಾಯ್ತು ಎಂದು ಕೇಳಲಿಲ್ಲ.

ಆ ಒಂದು ಗಂಟೆಯಲ್ಲಿ ಒಂದು ಸಲವೂ ಕೇಳಲಿಲ್ಲ. ಗುಂಪಿನಲ್ಲೂ ಯಾರೂ ಕೇಳಿರಲಿಲ್ಲ. ಪಾಸಾದವರು ತಮ್ಮ ಸಡಗರದಲ್ಲಿದ್ದರು, ಫೇಲಾದವರು ತಮ್ಮ ಗೋಳಿನಲ್ಲಿದ್ದರು.

ಮಂಗಳವಾರ ಬೆಳಗ್ಗೆ ಆರಕ್ಕೆ ಫೋಟೋ ಬಂತು. 'ಇವತ್ತಿನ ಪದ' ಎಂಬ ತಲೆಬರಹ ಇರಲಿಲ್ಲ. ಗೆರೆ ಹಾಕಿದ ಹಾಳೆಯೂ ಅಲ್ಲ, ಬರೀ ಬಿಳಿ ಕಾಗದ. ಅದರ ನಡುವೆ ಒಂದು ಪುಟ್ಟ ವೃತ್ತ, ಅದಕ್ಕಂಟಿದ ಒಂದು ಅಡ್ಡ ತೆಳುಗೆರೆ. ಸ, ಕ.

ಚುಕ್ಕಿ ಮೊದಲು ಓದಿದರು: "ಸುಖ! ಕೊಕ್ಕೆಯವರು ಸುಖವಾಗಿದ್ದಾರೆ, ಅಂದ್ರೆ ಪಾಸು!" ಹಿಂದೆಯೇ ಹದಿನೈದು ಜನ ಸುಖ ಎಂದರು. ಪಟಾಕಿ, ಹೂವು, ಕುಣಿಯುವ ಗೊಂಬೆ. ಅವಳು ಮಗಳ ಬಾಯಿಗೆ ಬಾಳೆಹಣ್ಣು ಇಡುತ್ತ ಆ ಎರಡು ಗುರುತನ್ನು ನೋಡಿದಳು. ಅವಳ ಕಣ್ಣಿಗೆ ಅದು ಸುಖ ಎಂದು ಕಾಣಲಿಲ್ಲ.

ಸಾಕು ಎಂದು ಕಂಡಿತು.

ಆ ಸಂಜೆ ಏಳಕ್ಕೆ ಉತ್ತರ ಬರಲಿಲ್ಲ. ಬುಧವಾರ ಆರಕ್ಕೆ ಪದ ಬರಲಿಲ್ಲ. ಗುರುವಾರವೂ ಇಲ್ಲ. ಅವಳು ತಡೆಯಲಾರದೆ ಗುಂಪಿನಲ್ಲಿ ಬರೆದಳು: "ಅದು ಸಾಕು ಅಂತಲೂ ಓದಬಹುದಲ್ವಾ? ಕೊಕ್ಕೆಯವರು ಎಲ್ಲಿ? ಯಾರಾದ್ರೂ ವಿಚಾರಿಸಿದ್ರಾ?"

"ಶುರುವಾಯ್ತಾ ಮನೆಮುರುಕಿಯವರೇ?" ಎಂದರು ದಪ್ಪಗೆರೆ.

"ಪಾಸಾದ ಖುಷೀಲಿ ಎರಡು ದಿನ ಮಲಗಿರ್ತಾರೆ ಬಿಡ್ರೀ" ಎಂದರು ಸೊನ್ನೆ.

"ನಾನು ನಾಪತ್ತೆಯಾಗಿದ್ದಾಗ ನೀವು ಮಾಡಿದ ರಾದ್ಧಾಂತ ನೆನಪಿದೆಯಾ?" ಎಂದರು ಚುಕ್ಕಿ. "ಪೊಲೀಸರಿಗೆ ಹೇಳ್ಬೇಕು ಅಂತಿದ್ರಿ. ಹಲ್ಲು ಕೀಳಿಸ್ಕೊಂಡಿದ್ದೆ ಕಣ್ರೀ, ಪ್ರಾಣ ಅಲ್ಲ."

ಎಲ್ಲರೂ ನಕ್ಕರು. ಅವಳೂ ನಗುವ ಮುಖವೊಂದನ್ನು ಕಳಿಸಿದಳು. ತಪ್ಪು ಅವರದ್ದಲ್ಲ. ಇಲ್ಲದ ಉಸಾಬರಿಯನ್ನು ತಲೆಗೆ ಕಟ್ಟಿಕೊಳ್ಳುವುದು ಅವಳ ಹುಟ್ಟುಗುಣ. ಮಗಳು ಎರಡು ಸಲ ಸೀನಿದರೆ ಥರ್ಮಾಮೀಟರು, ಗಂಡ ಕಾಲು ಗಂಟೆ ತಡವಾದರೆ ಕಿಟಕಿ. ಅವನು ಲಿಫ್ಟ್ ರಿಪೇರಿ ಮಾಡುವವನು; ಅವನ ಕೆಲಸ ನೆನೆದರೇ ಅವಳಿಗೆ ಅಂಗಾಲು ಬೆವರುತ್ತಿತ್ತು. "ನಿನ್ನ ತಲೇಲಿ ನಾನು ವಾರಕ್ಕೆ ನಾಲ್ಕು ಸಲ ಬಿದ್ದು ಸತ್ತಿರ್ತೀನಿ" ಎಂದು ಅವನು ರೇಗಿಸುತ್ತಿದ್ದ. ಹಾಗಿರುವಾಗ ತನ್ನ ಹೆದರಿಕೆಯನ್ನು ತಾನೇ ನಂಬುವುದಾದರೂ ಹೇಗೆ? ಜೊತೆಗೆ ಇನ್ನೊಂದು. ಓದುವುದರಲ್ಲಿ ಮೂವತ್ತೊಂದು ತಪ್ಪು ಮಾಡಿದವಳು ಅವಳು. ಮೌನವನ್ನು ಮನೆ ಎಂದು ಓದಿದವಳು. ಪಾಸಾದವರೆಲ್ಲ ಸುಖ ಎನ್ನುವಾಗ ಫೇಲಾದವಳೊಬ್ಬಳು ಸಾಕು ಎಂದರೆ ಯಾರು ಕೇಳುತ್ತಾರೆ?

ಆದರೆ ಆ ಒಂದು ಸಾಲು ಬಿಡಲೊಲ್ಲದು. ಆರು ತಪ್ಪಿಗೆ ಯಾರೂ ಸಾಯಲ್ಲ. ಸೋಮವಾರ ಅದು ಸಮಾಧಾನದ ಮಾತಾಗಿತ್ತು. ಈಗ ಅವಳು ಅದನ್ನು ತಿರುಗಿ ತಿರುಗಿ ಓದಿದಳು. ಸಾಯುವ ಮಾತನ್ನು ಅವಳು ಎತ್ತಿರಲಿಲ್ಲವಲ್ಲ. ಅದು ಎಲ್ಲಿಂದ ಬಂತು?

ಶುಕ್ರವಾರ, ಅಂದರೆ ಹಾಲು ಉಕ್ಕಿದ ಇವತ್ತು, ಕಚೇರಿಯಲ್ಲಿ ಕೈಯೇ ಓಡಲಿಲ್ಲ. ಒಂದು ನೋಟೀಸಿನಲ್ಲಿ ವಾದಿಯ ಜಾಗದಲ್ಲಿ ಪ್ರತಿವಾದಿ, ಪ್ರತಿವಾದಿಯ ಜಾಗದಲ್ಲಿ ವಾದಿ. ವಕೀಲರು ಕನ್ನಡಕವನ್ನು ಹಣೆಗೇರಿಸಿ, "ಏನಮ್ಮಾ, ನಮ್ಮ ಕಕ್ಷಿದಾರನಿಗೇ ನೋಟೀಸು ಕೊಡಿಸ್ತಾ ಇದೀಯಲ್ಲ. ರಿಸಲ್ಟ್ ಟೆನ್ಷನ್ನಾ?" ಎಂದರು.

"ಹೌದು ಸಾರ್."

"ಬಂದಿಲ್ವಾ ಇನ್ನೂ?"

"ಇಲ್ಲ ಸಾರ್."

ಪೆನ್ಸಿಲಪ್ಪ ತಲೆ ಎತ್ತಿ ಅವಳನ್ನೊಮ್ಮೆ ನೋಡಿ ಮತ್ತೆ ಮೊನೆ ಚೂಪು ಮಾಡತೊಡಗಿದರು. ಅವರಿಗೆ ಗೊತ್ತಿತ್ತು. ಆ ಪರೀಕ್ಷೆಯ ಫಲಿತಾಂಶ ಯಾವಾಗ ಬರುತ್ತದೆಂದು ಮೂವತ್ತೈದು ವರ್ಷದ ಸ್ಟೆನೋಗೆ ಗೊತ್ತಿಲ್ಲದೆ ಇರುತ್ತದೆಯೇ?

ಮಧ್ಯಾಹ್ನ ವಕೀಲರು ಕೋರ್ಟಿಗೆ ಹೋದ ಮೇಲೆ ಅವಳು ಫೋನನ್ನು ಅವರ ಮುಂದೆ ಹಿಡಿದಳು. "ಇದೇನು ಅಂತ ಓದಿ ಸಾರ್."

ಅವರು ಊಟದ ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ನೋಡಿದರು. "ಗೆರೆ ಎಲ್ಲಿ?"

"ಗೆರೆ ಇಲ್ಲ ಸಾರ್. ಖಾಲಿ ಹಾಳೆ."

"ಗೆರೆ ಇಲ್ದೆ ಏನಂತ ಓದ್ಲಿ? ಸಾಕು, ಸುಖ, ಸೋಕು, ಏನ್ ಬೇಕಾದ್ರೂ ಆಗುತ್ತೆ. ನಿನ್ನ ಅದೃಷ್ಟ ಹೇಳೋ ಗಿಣಿ ಅಲ್ಲಮ್ಮ ನಾನು." ಫೋನು ಹಿಂದಕ್ಕೆ ಕೊಡಲು ಹೋದವರು ತಡೆದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಯಾರ ಕೈ ಇದು? ಹಳೇ ಕೈ. ತುಂಬ ಬರೆದಿರೋ ಕೈ. ನೋಡು, ವೃತ್ತ ಎಷ್ಟು ಚಿಕ್ಕದು, ಎಳೆದಿರೋದು ಒಂದೇ ಉಸಿರಿಗೆ. ಇಂಥ ಕೈ ಖಾಲಿ ಹಾಳೆ ಮೇಲೆ ಬರೆಯಲ್ಲಮ್ಮ. ಬರೆಯೋಕೆ ಬರಲ್ಲ. ಎಲ್ಲೋ ಒಂದು ಗೆರೆ ಹುಡುಕ್ಕೊಂಡಿರುತ್ತೆ. ದೊಡ್ಡದು ಮಾಡು."

ಅವಳು ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದಳು. ಬಿಳಿ ಕಾಗದ ಬೂದು ಬಣ್ಣವಾಯಿತು. ಆ ಬೂದು ಬಣ್ಣದೊಳಗೆ, ಆಚೆ ಬದಿಯ ಮುದ್ರಣ ಈ ಬದಿಗೆ ಮಸುಕಾಗಿ ಮೂಡಿತ್ತು. ಅಡ್ಡಗೆರೆಗಳು, ಉದ್ದಗೆರೆಗಳು, ಸಾಲಾಗಿ ಐದು ಚೌಕ, ಕೊನೆಯದರ ಕೆಳಗೆ ಜೋಡಿಗೆರೆ. ಆ ಚೌಕಗಳನ್ನು ಅವಳು ನೋಡಿದ್ದಳು. ಅಂಥದೇ ಒಂದು ಕಾಗದ ಅವಳ ಕೈಚೀಲದ ಒಳಜೇಬಿನಲ್ಲಿ, ಮಗಳ ಲಸಿಕೆಯ ಕಾರ್ಡಿನ ಹಿಂದೆ, ನಾಲ್ಕು ಮಡಿಕೆಯಾಗಿ ಕೂತಿತ್ತು. ಅದು ವೆಬ್‌ಸೈಟಿನಿಂದ ಮುದ್ರಿಸಿಕೊಂಡ ಅಂಕಪಟ್ಟಿ.

ಪದ ಇದ್ದದ್ದು ಜೋಡಿಗೆರೆಯ ಮೇಲೆ. ತಾಗಿಸಿ ಅಲ್ಲ, ಮೇಲೆ. ನಡುವೆ ಕೂದಲೆಳೆಯಷ್ಟು ಬಿಳಿ.

"ಮೇಲಿದೆ," ಎಂದರು ಪೆನ್ಸಿಲಪ್ಪ. "ಆಕಾರ. ಸಾಕು."

"ಸಾರ್, ಪಾಸಾದವರು ಅಂಕಪಟ್ಟಿಯ ಬೆನ್ನ ಮೇಲೆ ಗೀಚ್ತಾರಾ?"

ಅವರು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, "ನಾನಂತೂ ನಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದೀನಿ" ಎಂದರು. ಎದ್ದು ಹೋಗುವಾಗ, ಬೆನ್ನು ತಿರುಗಿಸಿಕೊಂಡೇ, ಮೆಲ್ಲಗೆ, "ನಿಂದು ಸೋಮವಾರ ಬಂತಲ್ವಾ?" ಎಂದು ಕೇಳಿದರು. ಅವಳು ಉತ್ತರ ಕೊಡುವ ಮೊದಲೇ ಬಾಗಿಲು ದಾಟಿದ್ದರು.

ಆಗಲೇ ಫೋನ್ ಮಾಡಬಹುದಿತ್ತು. ಗುಂಪಿನಲ್ಲಿ ಕೊಕ್ಕೆಯ ನಂಬರು ಎಲ್ಲರಿಗೂ ಕಾಣುತ್ತಿತ್ತು, ಅದೇನು ಗುಟ್ಟಲ್ಲ. ಅವಳು ಮೆಟ್ಟಿಲ ತಿರುವಿಗೆ ಹೋಗಿ, ನಂಬರು ತೆರೆದು, ಒತ್ತುವ ಬದಲು ಮುಚ್ಚಿದಳು. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ನಿಯಮ ಇದೆ ಎಂಬುದು ಒಂದು ನೆಪ. ಎತ್ತಿದವರು, 'ಏನ್ರೀ ನಿಮ್ಮ ಗೋಳು, ಆರಾಮಾಗಿದೀನಿ' ಎಂದರೆ ಮುಖ ಎಲ್ಲಿಡಲಿ ಎಂಬುದು ಇನ್ನೊಂದು. ನಿಜವಾದ ಹೆದರಿಕೆ ಈ ಎರಡೂ ಅಲ್ಲ. ಎತ್ತುವವರು ಬೇರೆ ಯಾರಾದರೂ ಆಗಿದ್ದರೆ? ಅಳುವ ದನಿಯೊಂದು 'ನೀವು ಯಾರು?' ಎಂದರೆ? ಕರೆ ಮಾಡದಿರುವಷ್ಟು ಹೊತ್ತು ಕೊಕ್ಕೆ ಎಲ್ಲೋ ಕೂತು ಪೆನ್ಸಿಲು ಚೂಪು ಮಾಡುತ್ತಿರುತ್ತಾರೆ. ಮಾಡಿದರೆ ಗೊತ್ತಾಗಿಬಿಡುತ್ತದೆ.

ಮನೆಗೆ ಬಂದಾಗ ಸಂಜೆ ಆರೂವರೆ. ಅತ್ತೆ ಕಿಟಕಿಯ ಬೆಳಕಿಗೆ ಕೂತು ಮೊಮ್ಮಗಳ ಫ್ರಾಕಿಗೆ ಗುಂಡಿ ಹೊಲಿಯುತ್ತಿದ್ದರು. ಗಂಡ ಗ್ರೀಸು ಮೆತ್ತಿದ ಕೈಯನ್ನು ಪೌಡರಿನಲ್ಲಿ ತಿಕ್ಕುತ್ತ, ಬಚ್ಚಲಿನಿಂದಲೇ, "ಬಂದ್ಯಾ? ನಿನ್ನ ಮಗಳು ಇವತ್ತು ಗೋಡೆ ತುಂಬ ನಿನ್ನ ಭಾಷೇಲಿ ಬರೆದಿದಾಳೆ ನೋಡು" ಎಂದ.

ನೋಡಿದಳು. ಅವಳದೇ ಪೆನ್ಸಿಲು, ಅಡಿಯಿಂದ ಸೊಂಟದೆತ್ತರದವರೆಗೆ ಸೊಟ್ಟ ಗೆರೆಗಳು, ಮೊಟ್ಟೆಗಳು. ಮಗಳು ಹೆಮ್ಮೆಯಿಂದ ಒಂದೊಂದನ್ನೇ ತೋರಿಸಿ, "ಇದು ಅಮ್ಮ. ಇದು ಅಜ್ಜಿ. ಇದು ಓದು" ಎಂದಳು.

"ಅಮ್ಮನಂಗೇ ಗೀಚೋ ಹುಚ್ಚು," ಎಂದರು ಅತ್ತೆ ದಾರ ಕಚ್ಚಿ ಕತ್ತರಿಸುತ್ತ. "ಇವಳ್ದಾದ್ರೂ ರಿಸಲ್ಟ್ ಬೇಗ ಬರ್ಲಿ."

ಗಡಿಯಾರ ಏಳಕ್ಕೆ ಬಂತು. ಉತ್ತರ ಹೇಳುವ ಹೊತ್ತು. ಫೋನು ಸುಮ್ಮನಿತ್ತು. ಗುಂಪಿನಲ್ಲಿ ಯಾರೋ ಮುಂದಿನ ಪರೀಕ್ಷೆಯ ಫಾರಂ ಬಗ್ಗೆ ಕೇಳಿದ್ದರು, ದಪ್ಪಗೆರೆ ಉತ್ತರಿಸಿದ್ದರು. ಕೊಕ್ಕೆಯ ಜಾಗ ಆಗಲೇ ಮುಚ್ಚಿಕೊಳ್ಳುತ್ತಿತ್ತು.

ಅವಳು ಮಲಗುವ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಒತ್ತಿದಳು.

ಹನ್ನೆರಡು ಸಲ ರಿಂಗಾಗಿ ನಿಂತಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಒಂದು, ಎರಡು, ಮೂರು. ಎಂಟನೆಯದಕ್ಕೆ ಯಾರೋ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ.

"ಹಲೋ," ಎಂದಳು. "ಹಲೋ. ನಾನು... ಮನೆಮುರುಕಿ."

ಬಾಗಿಲಲ್ಲಿ, ಮಗಳನ್ನು ಹೆಗಲಿಗೇರಿಸಿಕೊಂಡು ಬಂದಿದ್ದ ಗಂಡ ಕಣ್ಣರಳಿಸಿ ನಿಂತ. "ಯಾರು ಅಂದೆ?" ಅವಳು ಕೈ ಅಡ್ಡ ಹಿಡಿದಳು.

ಆ ಕಡೆಯಿಂದ ದನಿ ಬಂತು. ಹೆಂಗಸಿನ ದನಿ. ಅವಳ ತಾಯಿಯ ವಯಸ್ಸಿರಬಹುದು, ಬಹಳ ದಿನ ಮಾತಾಡದೆ ಇದ್ದು ತುಕ್ಕು ಹಿಡಿದ ಹಾಗಿತ್ತು. "ಫೋನ್ ಮಾಡಬಾರದು ಅಂತ ನಿಯಮ ಇದೆಯಲ್ಲ?"

"ಇದೆ."

"ಮತ್ತೆ?"

"ಪದಕ್ಕೆ ಉತ್ತರ ಹೇಳೋಣ ಅಂತ."

"ಎಲ್ಲಾ ಹೇಳಿದ್ರಲ್ಲ. ಪಟಾಕಿ ಹೊಡೆದ್ರು."

"ನಾನು ಖಚಿತವಾಗಿ ಇದೇ ಅಂತ ಹೇಳಿರ್ಲಿಲ್ಲ. ಈಗ ಹೇಳ್ತೀನಿ. ಸಾಕು."

ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು, ಇವಳ ಮನೆಯದ್ದಲ್ಲ. ಏಳೆಂಟು ಹನಿ ಬಿದ್ದವು.

"ನೀವೊಬ್ಬರೇ ಸರಿಯಾಗಿ ಓದಿದ್ದು," ಎಂದಿತು ದನಿ.

ನೀನು ಸರಿಯಾಗಿ ಓದಿದೆ ಎಂದು ಯಾರಾದರೂ ಹೇಳಲಿ ಎಂದು ಅವಳು ಎರಡು ವರ್ಷ ಕಾದಿದ್ದಳು. ಈಗ ಹೇಳಿದಾಗ, ಇದೊಂದು ತಪ್ಪಾಗಿದ್ದರೆ ಎನಿಸಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಯಾವಾಗ ಬರ್ತಾರೆ?"

"ಬರೋರು ಯಾರೂ ಇಲ್ಲಮ್ಮ." ನಿಯಮ ಮುರಿದು ಏಕವಚನಕ್ಕೆ ಇಳಿದಿದ್ದರು. "ನೀನು ಫೋನ್ ಇಡು. ಮಗು ಇದೆಯಲ್ಲ ನಿಂಗೆ. ಊಟ ಮಾಡ್ಸು ಹೋಗು."

"ಇಡಲ್ಲ," ಎಂದಳು ಅವಳು. "ಸೋಮವಾರ ನಾನು ಒಂದು ಮಾತು ಕೇಳ್ಬೇಕಿತ್ತು. ನಾನು ಫೇಲಾದೆ ಅಂತ ಒಂದು ಗಂಟೆ ನಿಮ್ಮ ಹತ್ರ ಅತ್ತೆ. ಮನೇಲಿ ಇನ್ನೂ ಹೇಳಿಲ್ಲ, ಸುಳ್ಳು ಹೇಳ್ಕೊಂಡು ಓಡಾಡ್ತಾ ಇದೀನಿ. ನಿಮ್ಗೊಬ್ಬರಿಗೇ ಹೇಳಿದ್ದು. ಹೇಳಿ ಹಗುರ ಮಾಡ್ಕೊಂಡು ಹೋದೆ. ನಿಮ್ಮದು ಕೇಳ್ಲೇ ಇಲ್ಲ."

ಬಾಗಿಲಲ್ಲಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖದ ನಗು ಇಳಿದಿತ್ತು. ಮಗಳು "ಅಮ್ಮ, ಓದು" ಎಂದು ಕೈಚಾಚಿದಳು. ಅವನು ಒಂದು ಕ್ಷಣ ಹೆಂಡತಿಯನ್ನೇ ನೋಡಿ, ಮಗಳ ಕೈಯನ್ನು ಮೆಲ್ಲಗೆ ಒಳಗೆಳೆದುಕೊಂಡು, ಹಿಂದೆ ಸರಿದು ಬಾಗಿಲು ಮುಂದೆ ಮಾಡಿದ. ಸಿಟ್ಟಿಗೋ, ಇನ್ಯಾತಕ್ಕೋ, ಅವಳಿಗೆ ತಿಳಿಯಲಿಲ್ಲ. ಆಮೇಲೆ ನೋಡಿಕೊಳ್ಳಬೇಕು. ಅದಕ್ಕೆ ಇಡೀ ರಾತ್ರಿ ಇದೆ.

"ಈಗ ಕೇಳ್ತೀನಿ," ಎಂದಳು. "ನಿಮ್ಮದು ಏನಾಯ್ತು?"

ಆ ಕಡೆ ಹನಿಯ ಸದ್ದು, ಉಸಿರು, ಉಸಿರಿನೊಳಗೆ ಸಿಕ್ಕಿಕೊಂಡ ಏನೋ ಒಂದು.

"ಅದು ದೊಡ್ಡ ಕಥೆ," ಎಂದಿತು ದನಿ ಕೊನೆಗೆ. "ಏಳು ಸಲದ್ದು."

"ಹೇಳಿ," ಎಂದಳು ಅವಳು, ಕಾಲು ಮೇಲೆತ್ತಿ ಮಂಚದ ಮೇಲೆ ಸರಿಯಾಗಿ ಕೂರುತ್ತ. "ಆದ್ರೆ ನಿಧಾನಕ್ಕೆ ಹೇಳಿ. ನನ್ನ ವೇಗ ಎಷ್ಟು ಅಂತ ನಿಮಗೆ ಗೊತ್ತೇ ಇದೆಯಲ್ಲ."